ಪಿಯಾನೋದ ಬಿಳಿ ಪಟ್ಟಿಗಳು

"ಮಾಸ್ತರ, ಸಂಜಿಯೊಳಗ ನನ್ನ ಪೊಲೀಸರಿಗೆ ಕೊಡ್ತಾರಂತ್ರಿ. ನೀವ ಉಳಸಬೇಕು!"

೧೯೯೬ರ ಆ ಬೆಳಿಗ್ಗೆ ಹುಕ್ಕೇರಿಯ ನಮ್ಮ ಕಟ್ಟೆಗೆ ಬಂದು ಹೀಗೆ ಗೋಗರೆದವನು ಹಾರ್ಮೋನಿಯಂ ರಿಪೇರಿಯ ವಿಠ್ಠಲ. ಯಮಕನಮರಡಿಯ ಧನ್ಯಕುಮಾರರ ಪಿಯಾನೋದ ಬಿಳಿ ಪಟ್ಟಿಗಳ ಮೇಲಿನ ದಂತದ ಹೊದಿಕೆಗಳನ್ನು ಯಾರೋ ಬಿಡಿಸಿಕೊಂಡು ಹೋಗಿದ್ದರು. ಹಿಂದಿನ ದಿನ ಧನ್ಯಕುಮಾರರು ಮಗಳು ಮೇಘಾಳ ಜೊತೆ ಯಾರದೋ ಮದುವೆಗೆಂದು ಘಟಪ್ರಭಾಕ್ಕೆ ಹೋಗಿದ್ದಾಗ ಅವರ ಮನೆಗೆ ಹೋಗಿ ಪಿಯಾನೋ ಶ್ರುತಿ ಮಾಡಿ ಬಂದವನು ಇವನೇ. ಊರ ಕಳವುಗಳನ್ನು ಪತ್ತೆ ಹಚ್ಚುತ್ತಿದ್ದ ಅಲ್ಲಪ್ಪ ಮಾಸ್ತರು ಟೋಪಿ ಹಾಕಿಕೊಂಡರು. ನಾನು ಚಹಾ ಅರ್ಧಕ್ಕೇ ಬಿಟ್ಟು ಅವರ ಸ್ಕೂಟರ್ ಹತ್ತಿದೆ. ಅವರ ಪತ್ತೇದಾರಿಕೆಯಲ್ಲಿ ನನ್ನ ಪಗಾರ ಅಷ್ಟೇ, ಅರ್ಧ ಚಹಾ!

ಧನ್ಯಕುಮಾರರ ಮನೆ ಮುಟ್ಟಿದೊಡನೆ ನಾನು ನೇರ ಪಿಯಾನೋದ ಹತ್ತಿರ ಹೋದೆ. ಎಷ್ಟೊಂದು ಭಾನುವಾರ ಮೇಘಾ ಅದರಲ್ಲಿ ಶೋಪಾನ್, ಶೂಬರ್ಟರ ಕೃತಿಗಳನ್ನು ನುಡಿಸುವುದನ್ನು ಕೇಳಿದ್ದೆವು! ಅಜ್ಜಿ ಜಿನ್ನವ್ವ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಈಗ ಪಟ್ಟಿಗಳ ಬರಿ ಕಟ್ಟಿಗೆ ಕಾಣುತ್ತಿತ್ತು. ಮಾಸ್ತರು ಅದರ ಮೇಲೆ ಬೆರಳಾಡಿಸಿದರು. ಒಂದು ಗೀರೂ ಇರಲಿಲ್ಲ.

"ಅಜ್ಜಿ ಕುರ್ಚಿ ಎಲ್ಲಿ ಹೋತವಾ?"

"ಹಿತ್ತಲದಾಗ ಐತ್ರಿ," ಎಂದಳು ಮೇಘಾ. "ಹದಿನೈದು ದಿನದ ಹಿಂದ ವಿಠ್ಠಲಕಾಕಾ ಒಂದು ಸಡಿಲ ಪಟ್ಟಿ ಬಿಚ್ಚಿ ಅಂಟಿಸಿದ್ರಲ್ಲ, ಅವತ್ತಿಂದ ಅಜ್ಜಿ ಇಲ್ಲಿ ಕೂಡಾಂಗಿಲ್ಲ. ಇವತ್ತಂತೂ ಉಪವಾಸ, ನೀರೂ ಮುಟ್ಟಿಲ್ಲ."

ಮಾಸ್ತರು ಗೋಡೆಯ ಕ್ಯಾಲೆಂಡರ್ ಮುಂದೆ ನಿಂತೇಬಿಟ್ಟರು. ಆಮೇಲೆ ಎಲ್ಲರನ್ನೂ ಕರೆಸಿ ಕೂಡಿಸಿದರು.

"ಗೀರಿಲ್ಲ, ಚೂರಿಲ್ಲ. ಬಿಸಿನೀರಾಗ ಅದ್ದಿದ ಅರಬಿ ಇಟ್ಟು ಸಾವಕಾಶ ಬಿಡಿಸ್ಯಾರ. ಆ ಯುಕ್ತಿ ವಿಠ್ಠಲಗ ಗೊತ್ತು, ಖರೆ. ವಿಠ್ಠಲ, ಅವತ್ತ ಅದನ್ನ ಬಾಜೂಕ ಕುಂತು ನೋಡಿದವ್ರು ಯಾರು?"

"ಅಜ್ಜಿ. 'ಇದು ಆನಿ ದಂತರಿ, ಈಗ ಸಿಗಾಂಗಿಲ್ಲ' ಅಂತ ಹೇಳಿದ್ನಿ."

"ಅವತ್ತ ಕುರ್ಚಿ ಹಿತ್ತಲಕ್ಕ ಹೋತು. ನಿನ್ನಿ ನೀ ಹ್ವಾದ ಮ್ಯಾಲ ಮನ್ಯಾಗ ಅಜ್ಜಿ ಒಬ್ಬರ. ಇವತ್ತ ಜೈನರ ಉಪವಾಸದ ಅಷ್ಟಮಿ ಅಲ್ಲ, ಚತುರ್ದಶಿನೂ ಅಲ್ಲ. ಮತ್ತ ಉಪವಾಸ ಯಾಕ? ತಪ್ಪಿಲ್ಲದವನ ಮ್ಯಾಲ ಕಳವಿನ ಮಾತು ಬಂತಲ್ಲ, ಅದರ ಪ್ರಾಯಶ್ಚಿತ್ತ. ಹೌದಲ್ರಿ ಜಿನ್ನವ್ವ?"

ಅಜ್ಜಿಯ ಕಣ್ಣು ತುಂಬಿತು. "ಆನಿ ಕೊಂದು ತಗದದ್ದಂತ. ಮೊಮ್ಮಗಳು ಬಾರಸೂವಾಗ ಆ ಜೀವ ಅತ್ತಂಗಾಗತಿತ್ತು. ಪಾರಿಜಾತದ ಬುಡಕ ಹುಗದೇನಿ. ಹೇಳಿದ್ರ ಮತ್ತ ತಗದು ಅಂಟಸ್ತೀರಂತ ಸುಮ್ಮನಿದ್ದೆ. ತಪ್ಪಾತೋ ವಿಠ್ಠಲ."

ಅವರು ಕೈ ಮುಗಿಯಹೋದಾಗ ವಿಠ್ಠಲ ಗಾಬರಿಯಿಂದ ಆ ಕೈ ಹಿಡಿದುಕೊಂಡ. ಧನ್ಯಕುಮಾರರು ತಲೆ ಎತ್ತಲಿಲ್ಲ. ನಾನಂತೂ ನಾಚಿಕೆ ಬಿಟ್ಟು ಅತ್ತೆ.

ಮುಂದಿನ ತಿಂಗಳು ವಿಠ್ಠಲ ಪ್ಲಾಸ್ಟಿಕ್ ಹೊದಿಕೆ ಅಂಟಿಸಿದ. ಮೇಘಾ ಶೋಪಾನ್ ಶುರು ಮಾಡಿದಳು. ಸ್ವಲ್ಪ ಹೊತ್ತಿಗೆ ಹಿತ್ತಲಿನಿಂದ ಕುರ್ಚಿ ಎಳೆಯುವ ಸದ್ದು ಬಂತು. ಮಾಸ್ತರು ಈಗಿಲ್ಲ, ಆದರೆ ಎಲ್ಲಿ ಪಿಯಾನೋ ಕೇಳಿದರೂ ನನಗೆ ಮೊದಲು ನೆನಪಾಗುವುದು ಆ ಸದ್ದೇ. ವಿಠ್ಠಲ ಎದ್ದು ಓಡಿದ, ಕುರ್ಚಿ ಹೊತ್ತು ತಂದು ಪಿಯಾನೋದ ಪಕ್ಕಕ್ಕೆ ಇಟ್ಟ.

"ಕೂಡ್ರಿ ಅಜ್ಜಿ," ಎಂದ.