ಗುಣಪಾಲನ ಪಾಲು

ಆ ಬೆಳಿಗ್ಗೆ ಮಂಜೇಶ್ವರದಲ್ಲಿ ಬಿಸಿಲೂ ಮಳೆಯೂ ಒಟ್ಟಿಗೆ ಬಂದವು. ಇಗರ್ಜಿಯ ಅಂಗಳದಲ್ಲಿ ಹೂವಿನ ಬುಟ್ಟಿ ಹಿಡಿದು ಸಾಲು ನಿಂತ ಮಕ್ಕಳೆಲ್ಲ "ನರಿಗೆ ಮದುವೆ, ನರಿಗೆ ಮದುವೆ" ಎಂದು ಕುಣಿದರು. ಮಾತೆ ಮರಿಯಮ್ಮನವರ ಹುಟ್ಟುಹಬ್ಬ, ಹೊಸ ಭತ್ತದ ತೆನೆಹಬ್ಬ. ಮಳೆಗೂ ಹಬ್ಬದ ಉತ್ಸಾಹ.

ಎವ್ಲಿನ್ ನೆನೆಯುತ್ತ ನಿಂತಿದ್ದಳು. ಮನೆಯಲ್ಲಿ ಬಾಗಿಲ ಹಿಂದೆ ಒಂದು ಕೊಡೆ ಇತ್ತು. ಆದರೆ ಅದು ಅವಳ ಕ್ಲಾಸಿನ ಕಿನ್ನಿಯದು. ಅದನ್ನು ಬಿಡಿಸಲು ಅವಳಿಗೆ ಧೈರ್ಯವಿರಲಿಲ್ಲ.

"ನನ್ನ ಕೊಡೆಯೊಳಗೆ ಬಾ" ಎಂದಳು ಗ್ರೇಸಿ. "ನಮ್ಮ ಸೆಟ್ಟಿನವರು ಒದ್ದೆ ಆಗ್ಬಾರ್ದು."

ಐದನೇ ಕ್ಲಾಸಿನಲ್ಲಿ ಗೆಳತಿಯರ ಗುಂಪೆಂದರೆ ಗ್ರೇಸಿಯದೇ ಸೆಟ್ಟು. ಅವಳು ಹೆಬ್ಬೆರಳನ್ನು ಗಲ್ಲಕ್ಕೆ ತಾಗಿಸಿ ಯಾರಿಗಾದರೂ "ಟೂ" ಅಂದರೆ, ಉಳಿದವರೂ ಅವರೊಡನೆ ಮಾತು ಬಿಡಬೇಕು. ಜುಲೈಯಲ್ಲಿ ಅವಳು ಕಿನ್ನಿಗೆ ಟೂ ಬಿಟ್ಟಿದ್ದಳು. ಕಿನ್ನಿಯ ಅಣ್ಣ ಗುಣಪಾಲ ಜೈಲಿನಲ್ಲಿದ್ದ, ಅದಕ್ಕೆ.

ಹಾಗೆ ನೋಡಿದರೆ ಎವ್ಲಿನ್ನಳ ಮೊರಿಸ್ ಮಾಮನೂ ಗುಣಪಾಲನ ಕೂಟದಲ್ಲೇ ಇದ್ದವನು. ಗಡಿಯಾಚೆಯಿಂದ ಕಳ್ಳಸಾರಾಯಿ ತರುವ ಜೀಪಿನಲ್ಲಿ ಇಬ್ಬರೂ ಹೋಗುತ್ತಿದ್ದರು. ಪೊಲೀಸರು ಬಂದಾಗ ಗುಣಪಾಲ ಸಿಕ್ಕಿಬಿದ್ದ, ಮಾಮ ತಪ್ಪಿಸಿಕೊಂಡ. ಯಾರು ಎಷ್ಟು ಕೇಳಿದರೂ ಗುಣಪಾಲ ಮಾಮನ ಹೆಸರು ಹೇಳಲಿಲ್ಲ. ಆಮೇಲೆ ಮಾಮ ಕೂಟ ಬಿಟ್ಟು ಸೈಕಲ್ ಶಾಪಿಗೆ ಸೇರಿದ. "ನಿನ್ನ ಮಾಮ ಬಿಟ್ಟಿದ್ದಾರಲ್ಲ, ಹಾಗಾಗಿ ನೀನು ಓಕೆ" ಎಂದು ಗ್ರೇಸಿ ತೀರ್ಪು ಕೊಟ್ಟಿದ್ದಳು.

ಟೂ ಬಿಡುವ ಹಿಂದಿನ ದಿನವೇ ಕಿನ್ನಿ ಕೊಡೆ ಕೊಟ್ಟದ್ದು. "ನನ್ನ ಮನೆ ಹತ್ತಿರ, ಓಡಿ ಹೋಗ್ತೇನೆ. ನಾಳೆ ತಾ ಮಾರಾಯ್ತಿ" ಅಂದಿದ್ದಳು. ಆ ನಾಳೆ ಬರಲೇ ಇಲ್ಲ. ಮಾತು ಬಿಟ್ಟವಳಿಗೆ ಕೊಡೆ ಕೊಡುವುದು ಹೇಗೆ? ಈಗ ಕಿನ್ನಿ ಗೊಬ್ಬರದ ಗೋಣಿ ತಲೆಗೆ ಹಾಕಿಕೊಂಡು ಶಾಲೆಗೆ ಬರುತ್ತಿದ್ದಳು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತರು. ಪಾದ್ರಿಗಳು ಆಶೀರ್ವದಿಸಿ ಕೊಟ್ಟ ತೆನೆಯ ಕಾಳು ಸುಲಿದು, ಅಜ್ಜಿ ತೆಂಗಿನ ಹಾಲಿಗೆ ಬೆರೆಸಿದ್ದರು. ಪ್ರಾರ್ಥನೆ ಮುಗಿಸಿ ಒಬ್ಬೊಬ್ಬರ ಹೆಸರು ಕರೆದರು. ಕರೆದವರು "ಉಂಟು" ಎನ್ನಬೇಕು. ಊರಲ್ಲಿ ಇಲ್ಲದವರಿಗೂ ಎಲೆಯಿಟ್ಟು, ಅವರ ಪರವಾಗಿ ಮನೆಯವರು ಯಾರಾದರೂ ಹೇಳಬೇಕು. ಅದು ಆ ಮನೆಯ ಕ್ರಮ.

"ಕ್ಲೆಟಸ್."

"ಉಂಟು" ಎಂದರು ಮಮ್ಮಿ, ದುಬಾಯಿಯಲ್ಲಿದ್ದ ಡ್ಯಾಡಿಯ ಪರವಾಗಿ.

ಮಾಮ ಮೆಲ್ಲಗೆ ಹೇಳಿದ, "ಅಮ್ಮ, ಇನ್ನೊಂದು ಎಲೆ ಇಡಿ. ಗುಣಪಾಲನಿಗೆ."

ಅಜ್ಜಿಯ ಸೌಟು ನಿಂತಿತು. "ಇಗರ್ಜಿಯಲ್ಲಿ ಅಲ್ತಾರಿನ ಎದುರು ನಿಂತು ನೀನು ಹೇಳಿದ್ದೆಂತ? ಆ ಕೂಟ ಬಿಟ್ಟೆ ಅಂತ ಅಲ್ವಾ?"

"ಕೂಟ ಬಿಟ್ಟೆ ಅಮ್ಮ. ಗುಣಪಾಲನನ್ನು ಬಿಡ್ತೇನೆ ಅಂತ ಹೇಳ್ಲಿಲ್ಲ."

"ಅವನಿಗೆ ಅಲ್ಲಿ ಊಟ ಉಂಟಲ್ಲ?"

"ಊಟ ಉಂಟು. ಹಬ್ಬ ಇಲ್ಲ."

ಅಜ್ಜಿ ಗೋಡೆಯ ಮೇಲಿನ ಮಾತೆಯ ಪಟವನ್ನೇ ನೋಡಿದರು, ಮಾತೆ ಏನಾದರೂ ಹೇಳುತ್ತಾರೋ ಎಂಬಂತೆ. ಮತ್ತೆ ಗೊಣಗಿದರು, "ನನ್ನ ತೆಂಗಿನ ಮರದ ಬೊಂಡ ಕದ್ದವ ಅವನು."

"ನಾನೂ ಇದ್ದೆ ಆವತ್ತು."

"ಗೊತ್ತುಂಟು. ನಿನಗೆ ಮರ ಹತ್ಲಿಕ್ಕೆ ಎಲ್ಲಿ ಬರ್ತದೆ? ಕೆಳಗೆ ನಿಂತು ಹೆಕ್ಕಿದವ ನೀನು."

ಮಮ್ಮಿ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಅಜ್ಜಿ ಇನ್ನೊಂದು ಬಾಳೆ ಎಲೆಯ ತುಂಡು ಇಟ್ಟು ಕರೆದರು, "ಗುಣಪಾಲ."

ಮಾಮ ಬಾಯಿ ತೆರೆದ. ಮತ್ತೆ ಮುಚ್ಚಿ, ಆ ಎಲೆಯನ್ನು ನೇರ ಮಾಡಿದ.

"ಉಂಟು" ಎಂದಳು ಎವ್ಲಿನ್. ಯೋಚಿಸುವ ಮೊದಲೇ ಮಾತು ಹೊರಗೆ ಬಂದಿತ್ತು.

ಊಟದ ನಂತರ ಮಾಮ ಕೆಲವು ತೆನೆಗಳನ್ನು ಕರ್ಚೀಫಿನಲ್ಲಿ ಸುತ್ತಿದ. ನಾಳೆ ಎಂದಿನಂತೆ ರೈಲಿನಲ್ಲಿ ಜೈಲಿಗೆ. ಇವತ್ತು ಗುಣಪಾಲನ ತಾಯಿಯನ್ನು ಕಂಡು ಬರಬೇಕು.

"ತೆನೆಯನ್ನು ಜೈಲಿನೊಳಗೆ ಬಿಡ್ತಾರಾ ಮಾಮ?"

"ಕೇಳಿ ನೋಡ್ತೇನೆ. ಬಿಡದಿದ್ರೆ ದೂರದಿಂದ ತೋರಿಸ್ತೇನೆ. ಕಣ್ಣಿನಲ್ಲಾದ್ರೂ ತಿನ್ಲಿ."

"ನಾನೂ ಬರ್ತೇನೆ" ಎಂದು ಎವ್ಲಿನ್ ಬಾಗಿಲ ಹಿಂದಿನ ಕೊಡೆ ತೆಗೆದುಕೊಂಡಳು.

"ಮಳೆ ನಿಂತಿತಲ್ಲ?"

"ಬರ್ಬಹುದು."

ರೈಲು ಸ್ಟೇಷನ್ನಿನ ಹತ್ತಿರ ಒಂದು ಜೀಪು ಅವರ ಪಕ್ಕದಲ್ಲಿ ನಿಂತಿತು. ಮಾಮನ ಹಳೆಯ ಕೂಟದ ಜೀಪು.

"ಎಂತ ಮೊರಿಸ್, ಪಂಕ್ಚರ್ ಹಾಕಿ ಶ್ರೀಮಂತ ಆದಿಯಾ?" ಓಡಿಸುತ್ತಿದ್ದವ ನಕ್ಕ. "ಜೈಲಿಗೆ ಹೋಗ್ಲಿಕ್ಕೆ ಪುರುಸೊತ್ತುಂಟು, ನಮ್ಮೊಟ್ಟಿಗೆ ಬರ್ಲಿಕ್ಕೆ ಇಲ್ಲ."

"ನೀನು ಒಮ್ಮೆಯಾದ್ರೂ ಹೋದಿಯಾ ಅವನನ್ನು ನೋಡ್ಲಿಕ್ಕೆ?" ಮಾಮ ಶಾಂತವಾಗಿ ಕೇಳಿದ.

ಅವನು ಸ್ಟಿಯರಿಂಗಿನ ಮೇಲೆ ಇಲ್ಲದ ಧೂಳು ಒರೆಸಿದ. ಜೀಪು ಹೊರಟುಹೋಯಿತು.

"ಅವರು ನಿಮಗೆ ಟೂ ಬಿಟ್ಟಿದ್ದಾರಾ ಮಾಮ?"

ಮಾಮ ಜೋರಾಗಿ ನಕ್ಕ. "ಹೌದು ಮಾರಾಯ್ತಿ. ದೊಡ್ಡ ಟೂ."

"ಬೇಜಾರಾಗುದಿಲ್ವಾ?"

"ಆಗ್ತದೆ. ಸಂಜೆ ಹೊತ್ತಿಗೆ ಹೋಗ್ತದೆ."

ತಿರುವಿನಲ್ಲೇ ಗ್ರೇಸಿಯ ಮನೆ. ಅವಳು ಗೇಟಿನ ಮೇಲೆ ಹತ್ತಿ ಕೂತಿದ್ದಳು. "ಎಲ್ಲಿಗೆ ಎವ್ಲಿನ್?"

ಅಂಗಡಿಗೆ ಎನ್ನಬಹುದಿತ್ತು. ಎವ್ಲಿನ್ ಕೊಡೆಯ ಹಿಡಿಯನ್ನು ಗಟ್ಟಿಯಾಗಿ ಹಿಡಿದಳು. "ಕಿನ್ನಿಯ ಮನೆಗೆ."

ಗ್ರೇಸಿಯ ಹೆಬ್ಬೆರಳು ಗಲ್ಲದ ಕಡೆಗೆ ಏರಿತು. ಎವ್ಲಿನ್ ಅದನ್ನು ಕಂಡಳು. ಆದರೆ ಕಾಲು ನಿಲ್ಲಲಿಲ್ಲ. ಸಂಜೆಗೆ ಇನ್ನೇನು ಹೆಚ್ಚು ಹೊತ್ತಿರಲಿಲ್ಲ.

ಗುಣಪಾಲನ ತಾಯಿ ರಾಜೀವಿಯಕ್ಕ ತೆನೆಯನ್ನು ಕಣ್ಣಿಗೊತ್ತಿಕೊಂಡರು. "ಒಂದನ್ನು ನಮ್ಮ ಬಾಗಿಲಿಗೆ ಕಟ್ತೇನೆ ಮಗ. ಉಳಿದದ್ದು ಅವನಿಗೆ ತಕೊಂಡು ಹೋಗು" ಎಂದು ಮಾಮನನ್ನು ಒಳಗೆ ಕರೆದರು.

ಕಿನ್ನಿ ಅಂಗಳದಲ್ಲಿ ಒಣಹಾಕಿದ್ದ ಗೋಣಿಯನ್ನು ತೆಗೆಯುತ್ತಿದ್ದಳು. ಎವ್ಲಿನ್ನಳನ್ನು ಕಂಡು ಹಾಗೆಯೇ ನಿಂತಳು. ಗೋಣಿಯ ಮೇಲೆ ಟಪ್ ಟಪ್ ಎಂದು ಎರಡು ಹನಿ ಬಿದ್ದವು.

ಎವ್ಲಿನ್ ಕೊಡೆಯ ಹಿಡಿಯನ್ನು ಕಿನ್ನಿಯ ಕಡೆಗೆ ಮಾಡಿ ಚಾಚಿದಳು.

ಕಿನ್ನಿ ತೆಗೆದುಕೊಂಡಳು. ಬಿಡಿಸಿದಳು. ಆಮೇಲೆ ಕೊಡೆಯ ಅಡಿಯಲ್ಲಿ ಸ್ವಲ್ಪ ಬದಿಗೆ ಸರಿದು, ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟಳು.