ಮನೆಯಿಲ್ಲದ ಅಕ್ಷರಗಳು

ಏಳು ಬೆಟ್ಟದಾಚೆ, ಸರಿಯಾಗಿ ಎಣಿಸಿದರೆ ಎಂಟನೆಯದೂ ಇದ್ದೀತು, ಕನ್ನಡಿಪುರವೆಂಬ ರಾಜ್ಯವಿತ್ತು. ಅಲ್ಲಿ ಓಲೆ ಒಯ್ಯುವ ಆಳುಗಳಿರಲಿಲ್ಲ. ಊರಿಗೊಂದು ಮಾಯಗನ್ನಡಿ. ಇಲ್ಲಿ ಬರೆದದ್ದು ಅಲ್ಲಿ ಮೂಡುತ್ತಿತ್ತು, ಓದಿದ ಮೇಲೆ ಅಳಿಸಿಹೋಗುತ್ತಿತ್ತು. ಕನ್ನಡಿಯೊಳಗೆ ಒಂದೊಂದು ಅಕ್ಷರಕ್ಕೂ ಒಂದೊಂದು ಮನೆ, ಬಾಗಿಲಿಗೊಂದು ಸಂಖ್ಯೆ. ಮನೆಯಿಲ್ಲದ ಅಕ್ಷರ ಬರೆದರೆ ಆಚೆ ಕಡೆ ಖಾಲಿ ಚೌಕ ಕಾಣುತ್ತಿತ್ತು, ಅಷ್ಟೇ.

ಬೆಟ್ಟದಲ್ಲಿ ಮಸಣಿ ಎಂಬ ಹೆಂಗಸಿದ್ದಳು. ಅವಳ ಜನಕ್ಕೆ ತಮ್ಮದೇ ಅಕ್ಷರಗಳಿದ್ದವು, ಅವಕ್ಕೆ ಕನ್ನಡಿಯಲ್ಲಿ ಮನೆಗಳಿರಲಿಲ್ಲ. ಜ್ವರ ಬಂದು ಬಹಳ ಜನ ಹೋದರು. ಅಕ್ಕ ಕೇತಿ ಮದುವೆಯಾಗಿ ಕಡಲಾಚೆ ಹೋದಳು. ಮಸಣಿ ಒಂಟಿಯಾದಳು. ಇಪ್ಪತ್ತು ವರ್ಷ ಅಕ್ಕನಿಗೆ ಬರೆದಳು. ಉತ್ತರವೆಂದು ಬಂದದ್ದೆಲ್ಲ ಚೌಕಗಳ ಸಾಲು. ತನ್ನ ಮಾತಿನಲ್ಲಿ ಬೈಯಲಿಕ್ಕಾದರೂ ಒಬ್ಬರಿಲ್ಲವಲ್ಲ ಎಂದು ಮೇಕೆಯೊಡನೆ ಜಗಳವಾಡುತ್ತಿದ್ದಳು. ಮೇಕೆಯೋ, ಸೊಪ್ಪು ತಿನ್ನುತ್ತಿತ್ತು. ಮೂರು ವರ್ಷದಿಂದ ಆ ಚೌಕಗಳೂ ಬರುವುದು ನಿಂತಿತ್ತು. ಅವಳಿಗೆ ಹೆದರಿಕೆಯಾಯಿತು. ಅಕ್ಷರಗಳ ಮನೆಯ ಬೀಗದಕೈ ಇಟ್ಟುಕೊಂಡಿದ್ದ ಮಾಂತ್ರಿಕ ಚೌಕಾಸುರನ ಬಳಿಗೆ ಹೊರಟಳು.

"ಮೂರು ಪರೀಕ್ಷೆ," ಎಂದ ಅವನು. "ಸೋತರೆ ನಿನ್ನ ನಾಲಿಗೆ ಮೇಲಿರೋ ಮಾತೂ ನನ್ನದೇ. ಮೊದಲು ನಿಮ್ಮ ಅಕ್ಷರವೆಲ್ಲ ತಾ. ಒಂದೂ ಬಿಡಬಾರದು."

ಅಕ್ಷರಗಳೆಲ್ಲ ಹಿರಿಯರು ಕೆತ್ತಿದ ಗವಿಯಲ್ಲಿದ್ದವು. ಬಾಗಿಲಲ್ಲಿ ಎರಡು ತಲೆಯ ಕರಡಿ. ಮಸಣಿ ಹೊರಗಿನ ಬಂಡೆಯ ಮೇಲೆ ಕೆತ್ತಿದ್ದ ಮಾತನ್ನು ಗಟ್ಟಿಯಾಗಿ ಓದಿದಳು. ಎಷ್ಟೋ ಕಾಲದಿಂದ ಆ ಮಾತು ಕೇಳದಿದ್ದ ಕರಡಿ ಎರಡೂ ತಲೆ ತಗ್ಗಿಸಿ ದಾರಿ ಬಿಟ್ಟಿತು. ಅವಳು ಒಂದೂ ಬಿಡದೆ ಬರೆದುಕೊಂಡು ತಂದಳು.

ಚೌಕಾಸುರ ಅಕ್ಷರಗಳನ್ನು ನೋಡಿ ನಕ್ಕ. "ಒಂದೇ ಗುರುತನ್ನ ನಾಲ್ಕು ದಿಕ್ಕಿಗೆ ತಿರುಗಿಸಿದ್ದೀಯ. ನಾಲ್ಕಕ್ಕೂ ಒಂದು ಮನೆ ಸಾಕು."

"ನಾಲ್ಕು ಜನ ಅಣ್ಣತಮ್ಮಂದಿರ ಮೂಗು ಒಂದೇ ಥರ ಇದ್ರೆ ಒಂದೇ ತಟ್ಟೇಲಿ ಉಣ್ಣಕ್ಕಾಯ್ತದಾ, ಬುದ್ಧಿ?" ಎಂದಳು ಮಸಣಿ. ಬರೆದದ್ದನ್ನೆಲ್ಲ ಓದಬಲ್ಲ ಮೈನಾ ಹಕ್ಕಿ ಅವನ ಅರಮನೆಯಲ್ಲಿತ್ತು. ಅದರ ಮುಂದೆ ಒಂದೊಂದನ್ನೇ ಹಿಡಿದಳು. ಮೈನಾ "ಪೆ, ಪಿ, ಪೊ, ಪ" ಎಂದಿತು.

ಚೌಕಾಸುರನ ಮುಖ ಸಣ್ಣದಾಯಿತು. "ಒಬ್ಬಳೇ ಬಲ್ಲದ್ದು ಬರಿ ಗೀಚು. ಹಕ್ಕಿ ಲೆಕ್ಕಕ್ಕಿಲ್ಲ, ನಿಮ್ಮ ಜನದಲ್ಲಿ ಬದುಕಿರೋ ಇನ್ನೊಬ್ಬರು ಓದಲಿ. ಸೂರ್ಯ ಮುಳುಗೋ ತನಕ ನಿಮ್ಮ ಅಕ್ಷರಕ್ಕೆ ಮನೆ ಬಾಗಿಲು ತೆಗೆದಿರ್ತೀನಿ."

ಅವಳ ಜನ ಓಲೆಯ ಕೊನೆಯ ಅಕ್ಷರವನ್ನು ಬರೆಯುತ್ತಿರಲಿಲ್ಲ. ಓದಿದವರು ಅದನ್ನು ತುಂಬಿ ಮರಳಿಸಬೇಕು, ಆಗಲೇ ಓಲೆ ಮುಗಿಯುವುದು. ಮಸಣಿ ಅಲ್ಲಿದ್ದ ಮಾಯಗನ್ನಡಿಯ ಮೇಲೆ ಬರೆದಳು: "ಅಕ್ಕಾ, ಇದ್ದೀ". ಅಷ್ಟಕ್ಕೇ ನಿಲ್ಲಿಸಿ ಕುಳಿತಳು.

ಬಿಸಿಲು ಗೋಡೆ ಹತ್ತಿತು, ಇಳಿಯಿತು. ಕನ್ನಡಿಯಲ್ಲಿ ಅವಳದೇ ಮುಖ. ಅಷ್ಟು ಒಂಟಿ ಮುಖವನ್ನು ಅವಳು ಮೊದಲು ನೋಡಿರಲಿಲ್ಲ. ಚೌಕಾಸುರ ಬೀಗ ಎತ್ತಿಕೊಂಡ. ಆಗ ಕನ್ನಡಿಯಲ್ಲಿ ಒಂದು ಅಕ್ಷರ ಮೂಡಿತು: "ಯಾ".

ಅದರ ಕೆಳಗೆ ಸೊಟ್ಟ ಸಾಲುಗಳು. "ಚಿಕ್ಕವ್ವಾ, ನಾನು ಕೇತಿ ಮಗಳು ದುಂಡಿ. ಅವ್ವ ಹೋಗಿ ಮೂರು ವರ್ಷ. ಮರಳಲ್ಲಿ ಬರೆದು ನಂಗೆ ಕಲಿಸಿದ್ಲು. ಚೌಕ ಬಂದ್ರೂ ಕನ್ನಡಿ ಒರೆಸ್ತಾ ಇರು, ನನ್ನ ತಂಗಿ ಬಿಡೋಳಲ್ಲ ಅಂದಿದ್ಲು."

ಖಾಲಿತನವನ್ನೇ ತಿಂದು ಬೆಳೆದಿದ್ದ ಚೌಕಾಸುರ ಕುಗ್ಗಿ ಕುಗ್ಗಿ ಒಂದು ಚೌಕವಾದ. ಮಸಣಿ ಸೆರಗಿನಿಂದ ಅದನ್ನು ಒರೆಸಿದಳು. ಆಮೇಲೆ ಅಕ್ಕನಿಗಾಗಿ ತನ್ನ ಮಾತಿನಲ್ಲೇ ಅತ್ತಳು, ಅತ್ತದ್ದನ್ನು ಬರೆದಳು. ದುಂಡಿ ಅದರ ಕೊನೆಯ ಅಕ್ಷರ ತುಂಬಿ ಕಳಿಸಿದಳು.

ಮನೆಯಿಲ್ಲದ ಅಕ್ಷರಗಳೆಲ್ಲ ಮನೆ ಸೇರಿದವು, ಕನ್ನಡಿಪುರ ಸುಖವಾಗಿತ್ತು. ಮಸಣಿ ಮಗಳಂಥ ದುಂಡಿಗೆ ದಿನಾ ಬರೆದು ಬೈಯುತ್ತಿದ್ದಳು. ಮೇಕೆ ನೆಮ್ಮದಿಯಾಗಿ ಸೊಪ್ಪು ತಿಂದಿತು.