ತೊಟ್ಟಿಲಿಗೆ ಬಳಿದ ಕೊನೆಯ ಕೋಟು

"ಅಳಿಯಂದ್ರೇ, ಆ ತೊಟ್ಟಿಲಿನ ವಾಸನೆ ತೆಗೀಬೇಡಿ. ಹಾಗೇ ಇರ್ಲಿ ಬಿಡಿ."

ಕುರ್ಚಿಯ ಕಾಲಿಗೆ ಉಜ್ಜುಕಾಗದ ತಿಕ್ಕುತ್ತಿದ್ದ ಮುದುಕಿ ತಲೆ ಎತ್ತದೆ ಹೇಳಿದಳು. ಮಾವನ ಮರಗೆಲಸದ ಶೆಡ್ಡಿಗೆ ಉಸ್ತುವಾರಿಯಾಗಿ ಬಂದು ಎಂಟೇ ದಿನವಾಗಿದ್ದ ಅಳಿಯ ಗಹಗಹಿಸಿ ನಕ್ಕ.

"ಯಾಕಜ್ಜಿ, ವಾಸನೆಯನ್ನೂ ಸಾಕ್ಕೊಂಡಿದ್ದೀಯಾ?"

"ಮರದಲ್ಲಿರೋ ತನಕ ಅದು ಮರದ್ದು. ಓಡಿಸಿದ್ರೆ ಎಲ್ಲಿಗೆ ಹೋಗುತ್ತೆ?"

"ಗಾಳಿಗೆ."

"ಆ ಗಾಳಿ ಯಾರ ಎದೆಗೆ?"

ಅವಳ ಮಗ ಹಿಂದಿನ ಕೋಣೆಯಲ್ಲಿ ಹನ್ನೊಂದು ವರ್ಷ ಪಾಲಿಶ್ ಹೊಡೆದವನು. ಹಸಿ ವಾರ್ನಿಷ್ ಮೇಲೆ ಧೂಳು ಕೂತರೆ ಹೊಳಪು ಕೆಡುತ್ತದೆಂದು ಮಾವ ಅಲ್ಲಿನ ಕಿಟಕಿಗಳಿಗೆ ಮೊಳೆ ಹೊಡೆಸಿದ್ದ. ಮರದ ಹೊಳಪಿಗಿದ್ದ ಮರ್ಯಾದೆ ಮನುಷ್ಯನ ಶ್ವಾಸಕೋಶಕ್ಕಿರಲಿಲ್ಲ. ಮಾವ ತನ್ನ ಮೊಮ್ಮಗಳಿಗೆಂದು ಮಾಡಿಸಿದ ಈ ತೊಟ್ಟಿಲಿಗೆ ವಾರ್ನಿಷ್ ಬಳಿಯುತ್ತಲೇ ಅವನು ಕೆಮ್ಮಿ ಕೆಮ್ಮಿ ಕುಸಿದ. ಬಾಗಿಲು ತೆರೆದಾಗ ತುಟಿ ನೀಲಿಗಟ್ಟಿತ್ತು. ಅವನು ಸತ್ತ ಮೂರನೆಯ ದಿನ ಮುದುಕಿ ಅದೇ ಕೋಣೆ ಹೊಕ್ಕು, ಮಗನ ಕುಂಚದಿಂದಲೇ ತೊಟ್ಟಿಲಿಗೆ ಇನ್ನೊಂದು ಕೋಟು ಬಳಿದಳು. ಡಬ್ಬಿಗೆ ಏನು ಬೆರೆಸಿದಳೋ, ಏನು ಗೊಣಗಿದಳೋ. ಅಂದಿನಿಂದ ಕೆಲಸದವರು ಆ ಕಡೆ ಸುಳಿದಿರಲಿಲ್ಲ.

"ನಿಮ್ಮ ಮಾವನ ಮೇಲಿನ ಸಿಟ್ಟಲ್ಲಿ ಮಗನ ಕೊನೇ ಉಸಿರನ್ನ ಅದಕ್ಕೆ ಕಟ್ಟಿಬಿಟ್ಟೆ ಕಣಪ್ಪ. ಆಮೇಲೆ ನಿಮ್ಮ ಕೂಸಿನ ಮುಖ ನೋಡಿದೆ. ಬಿಚ್ಚೋಕೆ ನಂಗೆ ಬರಲ್ಲ."

"ಮಾಟ ಮಾಡೋ ತಾಕತ್ತಿದ್ದಿದ್ರೆ ನೀನ್ಯಾಕಜ್ಜಿ ಇಲ್ಲಿ ಕೂತು ಮರ ತಿಕ್ಕುತ್ತಿದ್ದೆ?"

ಮುದುಕಿ ಕುರ್ಚಿಯ ಇನ್ನೊಂದು ಕಾಲಿಗೆ ಕೈ ಹಾಕಿದಳು. ಉಜ್ಜುಕಾಗದ ಕರಕರ ಸದ್ದು ಮಾಡಿತು.

ಅಳಿಯ ತೊಟ್ಟಿಲನ್ನು ಅಂಗಳಕ್ಕೆ ಎಳೆದು ಬಿಸಿಲಿಗಿಟ್ಟ. ವಿನೆಗರ್ ಬೆರೆಸಿದ ನೀರಲ್ಲಿ ಬಟ್ಟೆ ಹಿಂಡಿ ಸಂದುಸಂದು ಒರೆಸಿದ. ಒಳಗೊಂದು ಬಟ್ಟಲು ಇದ್ದಿಲು, ಒಂದು ಬಟ್ಟಲು ಅಡುಗೆ ಸೋಡ ಇಟ್ಟು ಬಟ್ಟೆ ಹೊದಿಸಿದ. ಮೂಗು ಸುಡುವ, ನಾಲಿಗೆಯ ಮೇಲೆ ಕಹಿಯಾಗಿ ಕೂರುವ ಆ ಘಾಟು ದಿನದಿನಕ್ಕೆ ಇಳಿಯಿತು. ಆರನೆಯ ಬೆಳಿಗ್ಗೆ ಮೂಗು ತಾಗಿಸಿ ನೋಡಿದ. ಏನೂ ಇಲ್ಲ. ಬರೀ ಮರ.

"ನೋಡಜ್ಜಿ, ನಿನ್ನ ದೆವ್ವ ಸೋಡ ತಿಂದು ಸತ್ತೋಯ್ತು!" ಎಂದು ಕೂಗಿ, ತೊಟ್ಟಿಲು ಹೊತ್ತು ಬೀದಿಯಾಚೆಯ ಮನೆಗೆ ನಡೆದ.

ಮಧ್ಯಾಹ್ನ ಹೆಂಡತಿ ಬರಿಗಾಲಲ್ಲಿ ಶೆಡ್ಡಿಗೆ ಓಡಿ ಬಂದಳು. ಎರಡು ತಿಂಗಳ ಮಗಳು ಅವಳ ತೋಳಲ್ಲಿ ಬಿಲ್ಲಿನಂತೆ ಬಾಗಿದ್ದಳು.

"ರೀ, ಮಗು ಬಾಯಿ ಮೂಸಿ ನೋಡ್ರೀ!"

ಅವನು ಬಗ್ಗಿದ. ಹಾಲಿನ ವಾಸನೆ ಇರಬೇಕಾದ ಕಡೆ ವಾರ್ನಿಷ್ ಘಾಟು. ಹಸಿ ಹಸಿ. ಈಗಷ್ಟೇ ಡಬ್ಬಿ ತೆರೆದಂತೆ. ಪುಟ್ಟ ತುಟಿಗಳು ಅಂಚಿನಿಂದ ನೀಲಿಯಾಗುತ್ತಿದ್ದವು. ಆಮೇಲೆ ಆ ಪುಟ್ಟ ಗಂಟಲಿನಿಂದ ಕೆಮ್ಮು ಬಂತು. ಕೂಸಿನ ಕೆಮ್ಮಲ್ಲ. ಬೆಳೆದ ಗಂಡಸಿನ, ಗೊರಗೊರ ಕೆಮ್ಮು.

ಮುದುಕಿಯ ಕೈಯಿಂದ ಉಜ್ಜುಕಾಗದ ಜಾರಿತು. "ನನ್ನ ಮಗನ ಕೆಮ್ಮು," ಎಂದಳು.

"ಅಜ್ಜೀ, ಏನಾದ್ರೂ ಮಾಡು! ನಿನ್ನ ಕಾಲಿಗೆ ಬೀಳ್ತೀನಿ!" ಎಂದ ಅಳಿಯ.

"ಬಿಚ್ಚೋಕಾಗಲ್ಲ. ಜಾಗ ಬದಲಾಯಿಸ್ಬಹುದು ಅಷ್ಟೆ. ಆ ಮನೆ ದೊಡ್ಡವರು ಯಾರಾದ್ರೂ ಕೂಸಿನ ಮೂಗಿಗೆ ಬಾಯಿಟ್ಟು ಎಳ್ಕೋಬೇಕು. ಪೂರ್ತಿ. ಆಮೇಲೆ ಅದು ಅವರದ್ದೇ."

ಎಲ್ಲರೂ ಮಾವನ ಕಡೆ ನೋಡಿದರು. ಗಲಾಟೆ ಕೇಳಿ ಬಂದಿದ್ದ ಮಾವ ಒಂದು ಹೆಜ್ಜೆ ಹಿಂದೆ ಸರಿದ.

"ನನಗೆ ಬೀಪಿ ಇದೆ ಕಣಯ್ಯಾ," ಎಂದ. "ಡಾಕ್ಟರಿಗೆ ಫೋನ್ ಮಾಡ್ತೀನಿ ಇರು."

"ಅಪ್ಪಾ!" ಎಂದು ಹೆಂಡತಿ ಚೀರಿದಳು. ಮಾವ ಫೋನಿನತ್ತಲೇ ನೋಡುತ್ತ ಹೊರಗೆ ನಡೆದ.

ಅಳಿಯನೇ ಮಗುವನ್ನು ಕಿತ್ತುಕೊಂಡ. ಬಾಯಿ ಇಟ್ಟ. ಎಳೆದ. ಗಂಟಲು ಸುಟ್ಟಿತು. ಮತ್ತೆ ಎಳೆದ. ಅಂಟು. ಎದೆಯ ಗೋಡೆಗೆಲ್ಲ ಅಂಟು. ಕಣ್ಣು ಕತ್ತಲಾಯಿತು. ಕತ್ತಲಲ್ಲಿ ಒಂದು ಕೋಣೆ. ಮೊಳೆ ಹೊಡೆದ ಕಿಟಕಿ. ಯಾರೋ ಉಗುರಲ್ಲಿ ಹಲಗೆ ಕೆರೆಯುತ್ತಿದ್ದರು. ಕರ್. ಕರ್. ಇನ್ನೊಮ್ಮೆ ಎಳೆದ. ಮಗಳು ಕಿಟಾರನೆ ಅತ್ತಳು. ತುಟಿ ಕೆಂಪಾಯಿತು.

ಅವನು ಕುಸಿದು ಕೆಮ್ಮಿದ. ಮಗಳನ್ನು ಎತ್ತಿಕೊಂಡ ಹೆಂಡತಿ ಮೂಗು ಮುಚ್ಚಿಕೊಂಡಳು. ಮಗಳ ಅಳು ಥಟ್ಟನೆ ನಿಂತಿತು. ತುಟಿ ಮತ್ತೆ ನೀಲಿ.

"ದೂರ ಹೋಗಪ್ಪಾ," ಮುದುಕಿ ಅಳುತ್ತ ಹೇಳಿದಳು. "ನಿನ್ನ ಉಸಿರು ಇನ್ಮೇಲೆ ಅವಳಿಗೆ ತಾಗಬಾರದು."

ಅಂದಿನಿಂದ ಅವನು ಶೆಡ್ಡಿನಲ್ಲೇ ಮಲಗುತ್ತಾನೆ. ಡಾಕ್ಟರುಗಳ ಯಂತ್ರಗಳಿಗೆ ಅವನ ಎದೆಯಲ್ಲಿ ಏನೂ ಕಾಣಲಿಲ್ಲ. ಮಾವ ಬೀಪಿ ಮಾತ್ರೆ ನುಂಗಿ ಸುಖವಾಗಿದ್ದಾನೆ. ಸಂಜೆ ಹೆಂಡತಿ ಮಗಳನ್ನು ಎದುರು ಜಗುಲಿಗೆ ತರುತ್ತಾಳೆ. ಬೀದಿಯ ಈಚೆಯಿಂದ ಅವನು ನೋಡುತ್ತಾನೆ.

ವರ್ಷ ತುಂಬಿದ ವಾರದಲ್ಲಿ ಮಗಳು ಕಂಬ ಹಿಡಿದು ಎದ್ದು ನಿಂತಳು. ಕೈ ಬಿಟ್ಟಳು. ಅಪ್ಪನನ್ನು ನೋಡಿ ನಕ್ಕು ಒಂದು ಹೆಜ್ಜೆ ಇಟ್ಟಳು. ಇನ್ನೊಂದು. ತಾಯಿ ಒಳಗಿದ್ದಳು. ಬರಬೇಡ ಎಂದು ಕೂಗಬೇಕು. ಕೂಗಿದರೆ ಉಸಿರು ಹೊರಬೀಳುತ್ತದೆ. ಗಾಳಿ ಅವಳ ಕಡೆಗೇ ಬೀಸುತ್ತಿತ್ತು. ಮಗಳು ಎರಡೂ ಕೈ ಚಾಚಿದಳು.

ಅವನು ಬಾಯಿ ಮೂಗು ಒತ್ತಿ ಹಿಡಿದು, ಬೆನ್ನು ತಿರುಗಿಸಿ, ಓಡಿದ.